ಔಷಧಿ ಹೊಡೆಯುವ ತಿಂಗಳುಗಳು ಮತ್ತು ಬಸುರಿ ಹೆಂಗಸರು: ತೋಟ, ಹೊಲ, ಕೂಲಿಯವರ ಲೈನ್ ಮನೆಯಲ್ಲಿ ಏನು ಬದಲಾಗಬೇಕು?

ತಾಯಿಕಾರ್ಡ್ (ಮೂಡಿಗೆರೆ ಕಡೆ, ಆರೋಗ್ಯ ಕೇಂದ್ರ)

ಏಪ್ರಿಲ್ ಬಂತು. ಅರೇಬಿಕಾ ಕಾಫಿ ತೋಟಗಳಲ್ಲಿ ಬಿಳಿ ಕಾಂಡಕೊರಕ ಹುಳಕ್ಕೆ ಕೀಟನಾಶಕ ಕ್ಲೋರ್‌ಪೈರಿಫಾಸ್ ಬಳಿಯುವ ಕೆಲಸ ಶುರುವಾಗುತ್ತೆ. ಅದು ಮುಗಿಯೋ ಹೊತ್ತಿಗೆ ಹಾಸನದ ಕಡೆ ಆಲೂಗೆಡ್ಡೆ ಬಿತ್ತನೆ, ಪಕ್ಕದಲ್ಲೇ ಶುಂಠಿ. ಈ ಹೊತ್ತಲ್ಲಿ ಒಂದು ಲೆಕ್ಕ ಎಲ್ಲರ ತಲೆಯಲ್ಲೂ ಇರಬೇಕು ಅಂತ ಈ ಚರ್ಚೆ ತೆಗೆದಿದ್ದೇನೆ.

ಮಗುವಿನ ಮೆದುಳು, ಬೆನ್ನುಹುರಿ ಆಗುವ ನರಕೊಳವೆ ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಕೊನೆಯ ಮುಟ್ಟಿನಿಂದ ಎಣಿಸಿದರೆ 6 ವಾರ. ಅಂದರೆ ಮುಟ್ಟು ತಪ್ಪಿ ಬರೀ ಎರಡು ವಾರ. ಹೃದಯ, ಕೈಕಾಲು, ಅಂಗುಳ ಎಲ್ಲದರ ಅಚ್ಚು ಬೀಳುವುದು ಗರ್ಭ ಕಟ್ಟಿದ 8 ವಾರದೊಳಗೆ. ತಾಯಿ ಕಾರ್ಡ್ ಮಾಡಿಸಲು ಬರುವ ಹೊತ್ತಿಗೆ ಎಷ್ಟೋ ಜನರಿಗೆ ಮೂರು ತಿಂಗಳು ತುಂಬಿರುತ್ತದೆ.

ಕಾನೂನಿನ ರಕ್ಷಣೆ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದ ನಿಯಮದ ಪ್ರಕಾರ, ಹೆರಿಗೆಗೆ ಮುಂಚಿನ 6 ವಾರ ಮತ್ತು ಅದಕ್ಕೂ ಹಿಂದಿನ ಒಂದು ತಿಂಗಳು, ಹೆಂಗಸು ಕೇಳಿಕೊಂಡರೆ ಅವಳಿಗೆ ಶ್ರಮದ ಕೆಲಸ ಕೊಡುವಂತಿಲ್ಲ. ಭಾರ ಎತ್ತುವ ವಿಷಯದಲ್ಲಿ ಅದು ಸರಿ. ರಾಸಾಯನಿಕದ ವಿಷಯದಲ್ಲಿ ಅಪಾಯದ ಹೊತ್ತು ಮೊದಲ ಎರಡು ತಿಂಗಳು, ರಕ್ಷಣೆ ಸಿಗುವುದು ಕೊನೆಯ ಎರಡೂವರೆ ತಿಂಗಳು.

ಹಾಗಾಗಿ "ಬಸುರಿ ಅಂತ ಗೊತ್ತಾದ ಮೇಲೆ ಬೇರೆ ಕೆಲಸಕ್ಕೆ ಹಾಕ್ತೀವಿ" ಅನ್ನೋದು ಸಾಲದು. ಮಕ್ಕಳಾಗುವ ವಯಸ್ಸಿನ ಯಾವ ಹೆಂಗಸಿನ ಕೈಗೂ ಔಷಧಿ ಹತ್ತದ ಹಾಗೆ ಕೆಲಸವನ್ನೇ ಹಂಚಬೇಕು. ತೋಟದವರು, ಹೊಲದವರು, ಅಂಗಡಿಯವರು ಎಲ್ಲೆಲ್ಲಿ ಹತ್ತುತ್ತದೆ ಅಂತ ಬಿಡಿಸಿ ಬರೆಯಿರಿ.

ರೈಟರ್ ಬುಕ್ಕು (ತೋಟದ ಮೇಲ್ವಿಚಾರಣೆ, ಬಾಳೆಹೊನ್ನೂರು ಸುತ್ತ)

ಮೇಡಂ, ಕಾಂಡಕೊರಕದ ಕೆಲಸದ ಮಟ್ಟಿಗೆ ಹೇಳ್ತೀನಿ. ಶಿಫಾರಸು ಇರೋದು ಕ್ಲೋರ್‌ಪೈರಿಫಾಸ್ 20 ಇಸಿ 600 ಎಂಎಲ್, 200 ಲೀಟರ್ ನೀರಿನ ಬ್ಯಾರಲ್‌ಗೆ, ಜೊತೆಗೆ ಅಂಟು ದ್ರಾವಣ 200 ಎಂಎಲ್. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್-ನವೆಂಬರ್ ಇನ್ನೊಂದು ಸಲ, ಕೊರಕ ಹಾರಾಡೋ ಕಾಲಕ್ಕೆ. ಕಾಂಡ ಮತ್ತು ದಪ್ಪ ರೆಂಬೆ ತೊಯ್ಯಬೇಕು, ಎಲೆಗಲ್ಲ.

ಇದರಲ್ಲಿ ಲೆಕ್ಕ ಹಾಕಿ. ಡಬ್ಬದಲ್ಲಿ ಇರೋದು 20 ಪರ್ಸೆಂಟು, ಬ್ಯಾರಲ್‌ನಲ್ಲಿ 0.06 ಪರ್ಸೆಂಟು. ಮುನ್ನೂರ ಮೂವತ್ತು ಪಟ್ಟು ವ್ಯತ್ಯಾಸ. ಡಬ್ಬದಿಂದ ಸುರಿಯುವಾಗ ಕೈಗೆ ಒಂದು ಎಂಎಲ್ ಚೆಲ್ಲಿದರೆ, ಕಲಸಿದ ದ್ರಾವಣ ಲೀಟರಿನ ಮೂರನೇ ಒಂದು ಭಾಗದಷ್ಟು ಮೈಮೇಲೆ ಸುರಿದುಕೊಂಡ ಹಾಗೆ, ಕರೆಕ್ಟಾಗಿ ಹೇಳಿದರೆ 333 ಎಂಎಲ್. ಆದ್ದರಿಂದ ಪಂಪು ಹಿಡಿದವನಿಗಿಂತ ಅಳೆದು ಕಲಸೋರಿಗೇ ಹೆಚ್ಚು ಅಪಾಯ. ತೋಟಗಳಲ್ಲಿ ಆಗೋದು ಏನು? ಪಂಪು ಗಂಡಾಳಿಗೆ, ಗ್ಲೌಸೂ ಅವನಿಗೇ. ನೀರು ಹೊತ್ತು ತಂದು ಬ್ಯಾರಲ್ ತುಂಬೋದು, ಕೋಲಲ್ಲಿ ಕಲಸೋದು, ಪೈಪು ಎಳೆಯೋದು ಹೆಣ್ಣಾಳು. ಅವರ ಕೈಗೆ ಏನೂ ಇರಲ್ಲ. ಪೈಪಿನ ಜಾಯಿಂಟು ಸೋರಿದರೆ ಸೆರಗಲ್ಲಿ ಸುತ್ತಿ ಹಿಡೀತಾರೆ. ಆ ಒದ್ದೆ ಸೆರಗನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆವರೆಗೂ ಇರ್ತಾರೆ.

ನಮ್ಮ ಬುಕ್ಕಲ್ಲಿ ಹಾಜರಿ ಬರೆಯೋದು "ಸ್ಪ್ರೇ: 2 ಗಂಡು" ಅಂತ. ಜೊತೆಗಿದ್ದ ಮೂರು ಹೆಣ್ಣಾಳು "ನೀರು" ಕಾಲಂನಲ್ಲಿ ಇರ್ತಾರೆ. ಬದಲಾಗಬೇಕಾದ್ದು ಆ ಕಾಲಂ. ಬ್ಯಾರಲ್ ಹತ್ತಿರ ಇರೋ ಎಲ್ಲರೂ ಔಷಧಿ ಕೆಲಸದವರು ಅಂತಲೇ ಬರೀಬೇಕು, ಆ ಕೆಲಸಕ್ಕೆ ಹೆಂಗಸರನ್ನ ಹಾಕಲೇಬಾರದು. ಅವರಿಗೆ ಅದೇ ಸೀಸನ್‌ನಲ್ಲಿ ಬೇಕಾದಷ್ಟು ಕೆಲಸ ಇದೆ: ಬಳಿಯೋದಕ್ಕೆ ಮುಂಚೆ ತೆಂಗಿನ ನಾರಿನ ಗ್ಲೌಸಲ್ಲಿ ಕಾಂಡದ ಸಡಿಲ ತೊಗಟೆ ಉಜ್ಜೋದು, ಕೊರಕ ಬಿದ್ದ ಗಿಡ ಗುರುತಿಸೋದು. ತೊಗಟೆ ಉಜ್ಜಿದರೆ ಕೊರಕಕ್ಕೆ ಮೊಟ್ಟೆ ಇಡೋಕೆ ಸಂದಿ ಸಿಗಲ್ಲ, ಅದೂ ನಿಯಂತ್ರಣವೇ. ಆದರೆ ಉಜ್ಜೋದು ಮೊದಲು, ಬಳಿಯೋದು ನಂತರ. ತಿರುಗಾಮುರುಗ ಆದರೆ ಔಷಧಿ ಒಣಗಿದ ತೊಗಟೆಯ ಧೂಳು ಪೂರ್ತಿ ಮೂಗಿಗೆ.

ಗೆಡ್ಡೆ ಬಿತ್ತನೆ (ಹಾಸನ, ಕೃಷಿ ಪದವೀಧರ)

ನಮ್ಮ ಕಡೆ ಸಮಸ್ಯೆ ಸ್ಪ್ರೇ ಪಂಪಿಗಿಂತ ಮುಂಚೆಯೇ ಶುರು. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆ ಮಾರ್ಕೆಟ್‌ನಿಂದ ಮನೆಗೆ ಬಂದ ಮೇಲೆ ಅದನ್ನ ಕಣ್ಣು ನೋಡಿ ಕತ್ತರಿಸೋದು ಹೆಂಗಸರು. ಮನೆ ಜಗುಲಿಯಲ್ಲಿ ಕೂತು, ಮಡಿಲಲ್ಲಿ ಗೆಡ್ಡೆ ಇಟ್ಟುಕೊಂಡು. ಕತ್ತರಿಸಿದ್ದನ್ನ ಮ್ಯಾಂಕೋಜೆಬ್ (ಶಿಲೀಂಧ್ರನಾಶಕ) ಕಲಸಿದ ನೀರಲ್ಲಿ ಅದ್ದಿ, ಬರಿಗೈಲಿ ತೆಗೆದು ಹರಡೋದು. ಮಾರನೇ ದಿನ ಸಾಲಿಗೆ ಒಂದೊಂದೇ ಹಾಕೋದೂ ಅವರೇ. ಸ್ಪ್ರೇ ಕೈಗೆ ಮುಟ್ಟದ ಹೆಂಗಸು ಎರಡು-ಮೂರು ದಿನ ಪೂರ್ತಿ ಮ್ಯಾಂಕೋಜೆಬ್‌ನಲ್ಲಿ ಕೈ ಅದ್ದಿರ್ತಾಳೆ.

ಕ್ರಮ ಸ್ವಲ್ಪ ಬದಲಿಸಿದರೆ ಸಾಕು. ಪೂರ್ತಿ ಗೆಡ್ಡೆ ಕತ್ತರಿಸಿ ಮುಗಿಸಿ, ಹೆಂಗಸರು ಅಲ್ಲಿಂದ ಎದ್ದು ಹೋದ ಮೇಲೆ ಅದ್ದುವ ಕೆಲಸ. ತುಂಡುಗಳನ್ನ ಈರುಳ್ಳಿ ಚೀಲಕ್ಕೆ (ಬಲೆ ಚೀಲ) ಅರ್ಧ ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಡ್ರಮ್ಮಿನೊಳಗೆ ಇಳಿಸಿ ಎತ್ತಿ, ಕೋಲಿನ ಮೇಲೆ ತೂಗುಹಾಕಿ ಸೋರಿಸಿ, ನೆರಳಲ್ಲಿ ಒಣಗಿಸಿ. ಕೈ ಮುಳುಗಿಸೋ ಪ್ರಶ್ನೆಯೇ ಇಲ್ಲ. ಬಿತ್ತೋ ದಿನ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್. ಶುಂಠಿ ಬೀಜೋಪಚಾರಕ್ಕೂ ಇದೇ ಕ್ರಮ. ಅಲ್ಲಿ ಶಿಲೀಂಧ್ರನಾಶಕದ ಜೊತೆ ಕೀಟನಾಶಕವನ್ನೂ ಸೇರಿಸೋದರಿಂದ ಇನ್ನೂ ಮುಖ್ಯ.

ಅಂಗಡಿ ಕೌಂಟರ್ (ಬೇಲೂರು, ಕೀಟನಾಶಕ ಮಾರಾಟ)

ಮ್ಯಾಂಕೋಜೆಬ್ ಲೇಬಲ್ಲಿನ ಮೇಲೆ ಹಸಿರು ತ್ರಿಕೋನ ಇರೋ ಸರಕು. ಅದಕ್ಕೆ ಇಷ್ಟೊಂದು ಹೆದರಿಸೋದು ಸರಿಯಲ್ಲ ಅನ್ನಿಸುತ್ತೆ. ಎಷ್ಟೋ ವರ್ಷದಿಂದ ಹೊಡೀತಿದ್ದಾರೆ, ಮಕ್ಕಳು ಚೆನ್ನಾಗೇ ಹುಟ್ಟುತ್ತಿದ್ದಾವಲ್ಲ. ಅಂಗಮಾರಿ ಬಂದರೆ ಮೂರು ದಿನದಲ್ಲಿ ಆಲೂಗೆಡ್ಡೆ ಹೊಲ ಕರಕಲಾಗುತ್ತೆ, ರೈತ ಏನು ಮಾಡಬೇಕು?

ತಾಯಿಕಾರ್ಡ್

ಅಣ್ಣ, ಕೌಂಟರ್‌ನಲ್ಲಿ ನಿಂತು ನೀವು ಹೇಳೋ ಮಾತನ್ನ ಜನ ನಂಬ್ತಾರೆ. ಅದಕ್ಕೇ ಇದನ್ನ ಬಿಡಿಸಿ ಹೇಳ್ತೀನಿ. ತ್ರಿಕೋನದ ಬಣ್ಣ ಹೇಳೋದು ಒಂದೇ ಸಲ ನುಂಗಿದರೆ ಎಷ್ಟು ಪ್ರಮಾಣ ಕೊಲ್ಲುತ್ತೆ ಅನ್ನೋದನ್ನ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ, ಮೈತೂಕದ ಕಿಲೋಗೆ 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಮೇಲಿದ್ದರೆ ಹಸಿರು. ದಿನಾ ಸ್ವಲ್ಪ ಸ್ವಲ್ಪ ಚರ್ಮದಿಂದ ಒಳಗೆ ಹೋದರೆ ಹೊಟ್ಟೆಯೊಳಗಿನ ಮಗುವಿಗೆ ಏನಾಗುತ್ತೆ ಅನ್ನೋ ಪ್ರಶ್ನೆಯನ್ನ ಆ ಬಣ್ಣ ಕೇಳೋದೇ ಇಲ್ಲ.

ಮ್ಯಾಂಕೋಜೆಬ್ ಒಡೆದಾಗ ಎಥಿಲೀನ್ ಥಯೋಯೂರಿಯಾ, ಇಟಿಯು ಅಂತಾರೆ, ಅದು ಹುಟ್ಟುತ್ತೆ. ಅದು ಥೈರಾಯ್ಡ್ ಗ್ರಂಥಿ ಹಾರ್ಮೋನ್ ತಯಾರಿಸೋದನ್ನ ತಡೆಯುತ್ತೆ. ಮೊದಲ ಮೂರು ತಿಂಗಳು ಮಗುವಿಗೆ ಸ್ವಂತ ಥೈರಾಯ್ಡ್ ಹಾರ್ಮೋನ್ ಇರಲ್ಲ, ಮೆದುಳು ಬೆಳೆಯೋದು ತಾಯಿ ಕೊಟ್ಟದ್ದರಲ್ಲೇ. ಚಿಕ್ಕಮಗಳೂರು ಮೊದಲಿನಿಂದಲೂ ಗಳಗಂಡ ಇರೋ ಜಿಲ್ಲೆ, ಮಣ್ಣು-ನೀರಲ್ಲಿ ಅಯೋಡಿನ್ ಕಡಿಮೆ. ಅಯೋಡಿನ್ ಕೊರತೆ ಇರೋ ತಾಯಿಗೆ ಅದರ ಮೇಲೆ ಇಟಿಯು ಸೇರಿದರೆ ಎರಡೂ ಒಂದೇ ಗ್ರಂಥಿಯ ಮೇಲೆ ಬೀಳುತ್ತೆ. ಯುರೋಪಿನ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಮ್ಯಾಂಕೋಜೆಬ್ ಅನುಮತಿಯನ್ನ ಮುಂದುವರಿಸಲಿಲ್ಲ; ಸಂತಾನದ ಮೇಲೆ ಹಾನಿ ಮಾಡುವ ವಸ್ತು ಅಂತ ವರ್ಗೀಕರಿಸಿದ್ದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮ್ಯಾಂಕೋಜೆಬ್ ಜೊತೆ ಬೆರೆಸಿ ಮಾರುವ ಕಾರ್ಬೆಂಡಜಿಮ್ ಕೂಡ ಅಲ್ಲಿ ಅದೇ ವರ್ಗದಲ್ಲಿದೆ.

"ಮಕ್ಕಳು ಚೆನ್ನಾಗೇ ಹುಟ್ಟುತ್ತಿದ್ದಾವೆ" ಅನ್ನೋ ಮಾತಿಗೆ: ಹುಟ್ಟಿದ ದಿನ ಕಾಣೋ ಹಾನಿ ಅಲ್ಲ ಇದು. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಹೊಲಗೆಲಸದವರ ಕುಟುಂಬಗಳನ್ನ ಬರ್ಕ್ಲಿ ವಿಶ್ವವಿದ್ಯಾಲಯದವರು 1999ರಿಂದ ಹಿಂಬಾಲಿಸಿ ನೋಡಿದರು. ಬಸುರಿನಲ್ಲಿ ತಾಯಿಯ ಮೂತ್ರದಲ್ಲಿ ಆರ್ಗನೋಫಾಸ್ಫೇಟ್ (ಕ್ಲೋರ್‌ಪೈರಿಫಾಸ್ ಸೇರಿರೋ ಕೀಟನಾಶಕಗಳ ಗುಂಪು) ಅಂಶ ಅತಿ ಹೆಚ್ಚಿದ್ದ ಐದನೇ ಒಂದು ಭಾಗದ ಮಕ್ಕಳ ಬುದ್ಧಿಮಾಪನದ ಅಂಕ, ಅತಿ ಕಡಿಮೆ ಇದ್ದ ಭಾಗಕ್ಕಿಂತ 7ನೇ ವಯಸ್ಸಿನಲ್ಲಿ ಸರಾಸರಿ 7 ಕಡಿಮೆ ಇತ್ತು. ಆ ಮಕ್ಕಳೂ ಚೆನ್ನಾಗೇ ಹುಟ್ಟಿದ್ದವು. ಶಾಲೆಯಲ್ಲಿ "ಗಮನ ಇಲ್ಲ, ದಡ್ಡ" ಅಂತ ಬೈಸಿಕೊಳ್ಳೋ ಮಗುವನ್ನ ಯಾರೂ ಔಷಧಿ ಡಬ್ಬಕ್ಕೆ ಜೋಡಿಸಿ ನೋಡಲ್ಲ.

ರೈತ ಹೊಡೆಯಬಾರದು ಅಂತ ನಾನು ಹೇಳ್ತಿಲ್ಲ. ಯಾರ ಕೈಯಿಂದ, ಹೇಗೆ ಅನ್ನೋದಷ್ಟೇ ಪ್ರಶ್ನೆ.

ಗೆಡ್ಡೆ ಬಿತ್ತನೆ

ಇದಕ್ಕೆ ಒಂದು ಸೇರಿಸ್ತೀನಿ. ಇಟಿಯು ಮೈಯೊಳಗೆ ಮಾತ್ರ ಹುಟ್ಟಲ್ಲ. ಪೊಟ್ಟಣ ಒಡೆದು ಸೆಕೆ, ತೇವ ಇರೋ ಕಡೆ ಇಟ್ಟರೆ ಪುಡಿಯಲ್ಲೇ ಹುಟ್ಟುತ್ತೆ. ಹೋದ ವರ್ಷ ಉಳಿದು ಗಡ್ಡೆಗಟ್ಟಿದ ಮ್ಯಾಂಕೋಜೆಬ್ ಪೊಟ್ಟಣವನ್ನ ಕೈಲಿ ಪುಡಿಮಾಡಿ ಬಳಸೋದು ಎರಡು ಪಟ್ಟು ತಪ್ಪು: ರೋಗಕ್ಕೆ ಕೆಲಸ ಮಾಡಲ್ಲ, ಮೈಗೆ ಹೆಚ್ಚು ಕೆಡುಕು. ಅಟ್ಟದ ಮೇಲೆ, ಒಲೆಯ ಮೇಲ್ಗಡೆ ಇಡೋರಿದ್ದಾರೆ. ದಯವಿಟ್ಟು ಬೇಡ.

ಅಂಗಡಿ ಕೌಂಟರ್

ಸರಿ ಮೇಡಂ, ಒಪ್ಪಿದೆ. ಬಣ್ಣ ನೋಡಿ "ಇದು ಮೈಲ್ಡು" ಅಂತ ಹೇಳೋದು ಇಡೀ ಜಿಲ್ಲೆಯ ಕೌಂಟರ್‌ಗಳಲ್ಲಿರೋ ಅಭ್ಯಾಸ, ಅದು ನಿಲ್ಲಬೇಕು. ಗ್ಲೌಸ್ ಬಗ್ಗೆ ಹೇಳ್ತೀನಿ. ಕೊಂಡುಕೊಳ್ಳೋರು ಕೇಳೋದು ಆಸ್ಪತ್ರೆಯ ತೆಳು ರಬ್ಬರ್ ಗ್ಲೌಸ್ ಇಲ್ಲಾ ಬಟ್ಟೆ ಗ್ಲೌಸ್. ಇಸಿ ಅಂತ ಬರೆದಿರೋ ಔಷಧಿಯಲ್ಲಿ ಪೆಟ್ರೋಲಿಯಂ ದ್ರಾವಕ ಇರುತ್ತೆ, ತೆಳು ರಬ್ಬರನ್ನ ಅದು ದಾಟುತ್ತೆ. ಬಟ್ಟೆ ಗ್ಲೌಸ್ ಅಂತೂ ಔಷಧಿ ಹೀರಿಕೊಂಡು ಕೈಗೆ ಪಟ್ಟಿ ಕಟ್ಟಿದ ಹಾಗೆ. ಬೇಕಾದ್ದು ಮೊಣಕೈ ಹತ್ತಿರ ಬರೋ ದಪ್ಪ ನೈಟ್ರೈಲ್, ಒಳಗೆ ಬಟ್ಟೆ ಲೈನಿಂಗ್ ಇಲ್ಲದ್ದು. ಬಿಚ್ಚೋದಕ್ಕೆ ಮುಂಚೆ ಗ್ಲೌಸ್ ಹಾಕಿದ ಕೈಯನ್ನೇ ಸೋಪಲ್ಲಿ ತೊಳೀಬೇಕು, ಆಮೇಲೆ ಬಿಚ್ಚಬೇಕು. ಮೂತಿಗೆ ಕಟ್ಟೋ ಟವೆಲ್ಲು ಹನಿಯನ್ನ ಸ್ವಲ್ಪ ತಡೆಯಬಹುದು, ಆವಿಯನ್ನ ತಡೆಯಲ್ಲ.

ಇನ್ನೊಂದು: ಫೋರೇಟ್ ಹರಳು, ಡೈಕ್ಲೋರ್ವಾಸ್, ಟ್ರೈಅಜೋಫಾಸ್ ಕೀಟನಾಶಕಗಳು 2020ರ ಡಿಸೆಂಬರ್ 31ಕ್ಕೇ ದೇಶದಲ್ಲಿ ನಿಷೇಧವಾಗಿವೆ. ಹಳೇ ಚೀಲ ಕೊಟ್ಟಿಗೆ ಮೂಲೆಯಲ್ಲಿದ್ದರೆ "ಸುಮ್ಮನೆ ಹಾಳಾಗುತ್ತೆ" ಅಂತ ಹೊಲಕ್ಕೆ ಹಾಕಬೇಡಿ.

ಆಶಾ ದಾರಿ (ಸಕಲೇಶಪುರ, ಲೈನ್ ಮನೆ ಭೇಟಿ)

ನೀವೆಲ್ಲ ಹೊಲ-ತೋಟದ ಮಾತು ಹೇಳಿದಿರಿ. ನಾನು ಬಚ್ಚಲುಮನೆಯ ಮಾತು ಹೇಳ್ತೀನಿ.

ಔಷಧಿ ಹೊಡೆದು ಬಂದ ಗಂಡನ ಅಂಗಿ, ಲುಂಗಿ ತೊಳೆಯೋದು ಹೆಂಡತಿ. ಮಿಕ್ಕ ಬಟ್ಟೆ ಜೊತೆ ಅದೇ ಬಕೆಟ್ಟಲ್ಲಿ ನೆನೆಹಾಕಿ, ಬರಿಗೈಲಿ ಕುಕ್ಕಿ, ಕಲ್ಲಿಗೆ ಬಡಿದು. ಬಡಿವಾಗ ಹಾರೋ ನೀರು ಬೀಳೋದು ಹೊಟ್ಟೆ ಮೇಲೆ. ಹೊಡೆದ ಬಟ್ಟೆ ತೊಳೆಯೋದು ಹೊಡೆದವರದ್ದೇ ಕೆಲಸ ಅಂತ ಮನೆಯಲ್ಲಿ ಮಾತಾಗಬೇಕು. ಕ್ರಮ ಹೀಗೆ: ತೋಟದಲ್ಲೇ, ಸ್ಪ್ರೇ ಪಂಪು ತೊಳೆಯೋ ಜಾಗದಲ್ಲಿ ಬಟ್ಟೆ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ. ಮೊದಲು ಸೋಪಿಲ್ಲದೆ ಎರಡು ಸಲ ನೀರಲ್ಲಿ ಜಾಲಿಸಿ ಚೆಲ್ಲಿ, ಆಮೇಲೆ ಬಿಸಿನೀರು, ಸೋಪಿನಪುಡಿ. ಆ ಬಕೆಟ್ ಬೇರೆ, ಅದಕ್ಕೆ ಕೆಂಪು ಹಗ್ಗ ಕಟ್ಟಿಡಿ. ಬಿಸಿಲಿಗೆ ಒಣಗಿಸಿ, ಒಲೆ ಮೇಲಿನ ಕೋಲಿಗಲ್ಲ. ಡಬ್ಬದ ಔಷಧಿಯೇ ನೇರ ಚೆಲ್ಲಿದ ಬಟ್ಟೆಯನ್ನ ತೊಳೆದು ಉಳಿಸೋ ಆಸೆ ಬೇಡ, ಬಿಸಾಡಿ. ತೊಳೆದ ನೀರು ಬಾವಿ ಕಡೆ, ಹಳ್ಳದ ಕಡೆ, ಬಸಳೆ ಚಪ್ಪರದ ಬುಡಕ್ಕೆ ಹರಿಯಬಾರದು.

ಖಾಲಿ ಡಬ್ಬ ಇನ್ನೊಂದು ಕಷ್ಟ. ಮಜ್ಜಿಗೆಗೆ, ಸೀಮೆಎಣ್ಣೆಗೆ, ಬಚ್ಚಲ ಚೊಂಬಿನ ಬದಲಿಗೆ. ಡಬ್ಬಕ್ಕೆ ಕಾಲುಭಾಗ ನೀರು ಹಾಕಿ, ಮುಚ್ಚಳ ಬಿಗಿದು ಅರ್ಧ ನಿಮಿಷ ಕುಲುಕಿ, ಆ ನೀರನ್ನ ಬ್ಯಾರಲ್‌ಗೇ ಸುರಿಯಿರಿ. ಮೂರು ಸಲ. ಆಮೇಲೆ ತಳಕ್ಕೆ ತೂತು ಹೊಡೆಯಿರಿ. ತೂತು ಬಿದ್ದ ಡಬ್ಬ ಅಡುಗೆಮನೆಗೆ ಬರಲ್ಲ.

ಮಳೆಗಾಲದಲ್ಲಿ ಬಚ್ಚಲೊಲೆ ಹೊತ್ತದಿದ್ದರೆ ಪ್ಲಾಸ್ಟಿಕ್ ಹಾಕಿ ಹೊತ್ತಿಸೋದು ಮಲೆನಾಡಲ್ಲಿ ಮನೆಮನೆಯ ರೂಢಿ. ಪೈಪಿನ ತುಂಡು, ಔಷಧಿ ಡಬ್ಬ, ಗೊಬ್ಬರದ ಚೀಲ. ಕ್ಲೋರಿನ್ ಇರೋ ಪ್ಲಾಸ್ಟಿಕ್ ಮಂದ ಬೆಂಕಿಯಲ್ಲಿ ಉರಿದರೆ ಡಯಾಕ್ಸಿನ್ ಬರುತ್ತೆ. ಊದುಗೊಳವೆ ಹಿಡಿದು ಆ ಹೊಗೆಯ ಮುಂದೆ ಕೂರೋಳು ಬಸುರಿ ಸೊಸೆ. ಒಣ ಅಡಿಕೆಹಾಳೆ, ತೆಂಗಿನ ಗರಿ, ಕಾಫಿ ಗಿಡ ಸವರಿದ ಪುಳ್ಳೆ ಇವನ್ನ ಮಳೆಗೆ ಮುಂಚೆ ಒಂದು ಮೂಟೆ ಒಳಗೆ ಎತ್ತಿಟ್ಟರೆ ಪ್ಲಾಸ್ಟಿಕ್ ಬೇಕಾಗಲ್ಲ.

ರೈಟರ್ ಬುಕ್ಕು

ಆಶಾ ಅಕ್ಕ, ಹೊಟ್ಟೆ ಮೇಲೆ ಬೀಳೋ ನೀರು ಅಂದಿರಲ್ಲ. ಮೈಯ ಎಲ್ಲ ಕಡೆ ಚರ್ಮ ಒಂದೇ ಥರ ಹೀರಲ್ಲ ಅಂತ ಕೇಳಿದ್ದೆ. ಯಾರಿಗಾದರೂ ಲೆಕ್ಕ ಗೊತ್ತಾ?

ಲ್ಯಾಬ್ ರಿಪೋರ್ಟ್ (ಹಾಸನ, ಜೀವರಸಾಯನ)

ಪ್ಯಾರಾಥಯಾನ್ ಅನ್ನೋ ಕೀಟನಾಶಕ ಇಟ್ಟು ಮನುಷ್ಯರ ಚರ್ಮದಲ್ಲಿ ಅಳೆದ ಹಳೇ ಅಂಕಿ ಇದೆ, ತರಬೇತಿಗಳಲ್ಲಿ ಇವತ್ತಿಗೂ ಅದನ್ನೇ ಬಳಸ್ತಾರೆ. ಮುಂಗೈ 1 ಅಂತ ಇಟ್ಟುಕೊಂಡರೆ ಅಂಗೈ 1.3, ಹೊಟ್ಟೆ 2.1, ನೆತ್ತಿ 3.7, ಹಣೆ 4.2. ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸೋದು, ಔಷಧಿ ಮೂಟೆ ತಲೆ ಮೇಲೆ ಹೊರೋದು, ಅದೇ ಕೈಲಿ ಹಣೆ ಬೆವರು ಒರೆಸೋದು, ಮೂರೂ ಹೆಚ್ಚು ಹೀರೋ ಜಾಗಗಳೇ.

ರಕ್ತಪರೀಕ್ಷೆ ವಿಷಯ ಹೇಳಲೇಬೇಕು, ಇದರಲ್ಲಿ ತಪ್ಪು ಓದುವವರು ಬಹಳ. ಆರ್ಗನೋಫಾಸ್ಫೇಟ್ ಮೈಗೆ ಹೋಗಿದೆಯಾ ಅಂತ ನೋಡೋಕೆ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸ್ತಾರೆ; ಅದು ರಕ್ತದಲ್ಲಿರೋ ಒಂದು ಕಿಣ್ವ, ಈ ವಿಷ ಹತ್ತಿದರೆ ಇಳಿಯುತ್ತೆ. ಸಾಮಾನ್ಯವಾಗಿ ಸಿಗೋದು ಪ್ಲಾಸ್ಮಾ ಕೋಲಿನೆಸ್ಟರೇಸ್. ಬಸುರಿಯಲ್ಲಿ ಅದು ಔಷಧಿ ಮುಟ್ಟದಿದ್ದರೂ ತಾನಾಗೇ ಇಳಿಯುತ್ತೆ. ಲಿವರ್ ತೊಂದರೆಯಲ್ಲೂ ಇಳಿಯುತ್ತೆ. ಹಾಗಾಗಿ ಬಸುರಿಯ ಒಂದೇ ಒಂದು ರಿಪೋರ್ಟ್ ನೋಡಿ "ವಿಷ ಹತ್ತಿದೆ" ಅಂತಲೂ ಹೇಳಬಾರದು, "ಬಸುರಲ್ಲಿ ಹೀಗೇ" ಅಂತ ತಳ್ಳಿಯೂ ಹಾಕಬಾರದು. ಕೆಂಪು ರಕ್ತಕಣದ ಕೋಲಿನೆಸ್ಟರೇಸ್ ಹೆಚ್ಚು ನಂಬಬಹುದಾದ್ದು, ಅದನ್ನೂ ಹಿಮೋಗ್ಲೋಬಿನ್ ಜೊತೆಗಿಟ್ಟು ಓದಬೇಕು, ನಮ್ಮಲ್ಲಿ ರಕ್ತಹೀನತೆ ಅಷ್ಟಿದೆ. ತೋಟದ ಸ್ಪ್ರೇ ಆಳುಗಳಿಗೆ ಸೀಸನ್ ಶುರುವಾಗೋ ಮುಂಚೆ ಒಂದು ಸಲ ಮಾಡಿಸಿಟ್ಟರೆ ಮಾತ್ರ ಆಮೇಲಿನ ಅಂಕಿಗೆ ಅರ್ಥ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ, ಆ ಮೊದಲ ಅಂಕಿಯ 80 ಪರ್ಸೆಂಟ್‌ಗೆ ಇಳಿದರೆ ಕೆಲಸದ ರೀತಿ ತಪಾಸಣೆ, ರಕ್ತಕಣದ್ದು 70ಕ್ಕೆ ಇಳಿದರೆ ಆಳನ್ನ ಔಷಧಿ ಕೆಲಸದಿಂದ ತೆಗೀಬೇಕು.

ಆಶಾ ದಾರಿ

ಬಸುರಿ ವಾಂತಿಗೂ ಔಷಧಿ ಹತ್ತಿದ ವಾಂತಿಗೂ ವ್ಯತ್ಯಾಸ ಹೇಗೆ ಕಂಡುಹಿಡಿಯೋದು? ಮನೆಯವರು "ಮೂರನೇ ತಿಂಗಳಲ್ವಾ, ಸರಿಹೋಗುತ್ತೆ" ಅಂತ ಮಲಗಿಸಿಬಿಡ್ತಾರೆ.

ತಾಯಿಕಾರ್ಡ್

ಕಣ್ಣು ನೋಡಿ. ಬಸುರಿ ವಾಂತಿಯಲ್ಲಿ ಕಣ್ಣಿನ ಪಾಪೆ ಎಂದಿನಂತಿರುತ್ತೆ. ಆರ್ಗನೋಫಾಸ್ಫೇಟ್‌ನಲ್ಲಿ ಪಾಪೆ ಸಾಸಿವೆ ಕಾಳಿನಷ್ಟು ಕುಗ್ಗಬಹುದು, ಕಣ್ಣು ಮಂಜಾಗುತ್ತೆ. ಜೊಲ್ಲು, ಕಣ್ಣೀರು, ಮೈತುಂಬ ಬೆವರು, ಭೇದಿ, ಎದೆಯಲ್ಲಿ ಗೊರಗೊರ, ಮಾಂಸಖಂಡ ಅದುರೋದು. ವಾಂತಿ ಜೊತೆ ಇದರಲ್ಲಿ ಎರಡು ಕಂಡರೂ, ಅವತ್ತು ಇಲ್ಲಾ ಹಿಂದಿನ ದಿನ ಔಷಧಿ ಹತ್ತಿರ ಇದ್ದರೆ, ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಬಟ್ಟೆ ಪೂರ್ತಿ ಬಿಚ್ಚಿ, ಕೂದಲು ಸೇರಿಸಿ ಸೋಪು-ನೀರಲ್ಲಿ ತೊಳೆಯಿರಿ. ತೊಳೆಯೋರ ಕೈಗೂ ಗ್ಲೌಸ್ ಇರಲಿ. ಎಡಮಗ್ಗುಲಿಗೆ ಮಲಗಿಸಿ. ಹುಣಸೆಹುಳಿ ನೀರು, ಹಾಲು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ಡಬ್ಬ, ಇಲ್ಲವೇ ಅದರ ಲೇಬಲ್ಲಿನ ಫೋಟೋ ಜೊತೆಗಿರಲಿ. ಆಸ್ಪತ್ರೆಯಲ್ಲಿ ಈ ವಿಷಕ್ಕೆ ಅಟ್ರೋಪಿನ್ ಕೊಟ್ಟರೆ ಮಗುವಿಗೆ ತೊಂದರೆ ಅಂತ ಮನೆಯವರು ಹಿಂಜರೀತಾರೆ. ತಾಯಿ ಉಸಿರು ಉಳಿದರೆ ಮಾತ್ರ ಮಗು. ಬಸುರಿಗೂ ಕೊಡಲೇಬೇಕಾದ ಮದ್ದು ಅದು.

ಬೋರ್ ನೀರು (ಕಡೂರು)

ಮಲೆನಾಡಿನ ಔಷಧಿ ಕಥೆ ಬಯಲುಸೀಮೆಗೆ ಅಷ್ಟು ಬರಲ್ಲ. ಕಡೂರು, ಅರಸೀಕೆರೆ ಕಡೆ ಆಳದ ಬೋರ್‌ವೆಲ್ಲಿನ ಫ್ಲೋರೈಡ್ ನೋಡಿ. ಕುಡಿಯೋ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5. ನೈಟ್ರೇಟ್ 45. ಕುದಿಸಿದರೆ ಎರಡೂ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಬಸುರಿ ಇರೋ ಮನೆಯಲ್ಲಿ ಕುಡಿಯೋಕೆ ಮಾತ್ರವಲ್ಲ, ಮುದ್ದೆಗೆ, ಅನ್ನಕ್ಕೆ, ಸಾರಿಗೆ ಎಸರಿಡೋ ನೀರೂ ಶುದ್ಧೀಕರಣ ಘಟಕದ್ದೇ ಆಗಲಿ. ಕುಡಿಯೋಕೆ ಒಂದು ನೀರು, ಅಡುಗೆಗೆ ಬೋರ್ ನೀರು ಅಂತ ಮಾಡಿದರೆ ಅರ್ಧ ಕೆಲಸ.

ಲ್ಯಾಬ್ ರಿಪೋರ್ಟ್

ಸೀಸದ ಬಗ್ಗೆ ಎರಡು ಮಾತು. ತಾಯಿ ಚಿಕ್ಕವಳಿದ್ದಾಗ ಒಳಗೆ ಹೋದ ಸೀಸ ಮೂಳೆಯಲ್ಲಿ ಕೂತಿರುತ್ತೆ, ಬಸುರಿನಲ್ಲಿ ಮಗುವಿಗೆ ಕ್ಯಾಲ್ಸಿಯಂ ಕೊಡೋಕೆ ಮೂಳೆ ಕರಗುವಾಗ ರಕ್ತಕ್ಕೆ ಬರುತ್ತೆ. 14ನೇ ವಾರದಿಂದ ಕೊಡೋ ಕ್ಯಾಲ್ಸಿಯಂ ಮಾತ್ರೆ, ದಿನಕ್ಕೆ 500 ಮಿಲಿಗ್ರಾಂನ ಎರಡು, ಬಿಡದೆ ತಗೊಂಡರೆ ಅದಕ್ಕೂ ಒಂದು ತಡೆ. ಕಬ್ಬಿಣದ ಮಾತ್ರೆ ಜೊತೆಗೇ ನುಂಗಬಾರದು, ಒಂದನ್ನೊಂದು ತಡೆಯುತ್ತವೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ತವರದಲ್ಲಿ ಸೀಸ ಬೆರೆತಿದ್ದರೆ ಹುಳಿ ಸಾರಿನಲ್ಲಿ ಬಿಟ್ಟುಕೊಳ್ಳುತ್ತೆ; ಬಸುರಿಯ ಸಾರಿಗೆ ಸ್ಟೀಲ್ ಪಾತ್ರೆ ಸಾಕು.

ರೈಟರ್ ಬುಕ್ಕು

ಹಾಗಾದರೆ ಈ ಸಲದ ನಮ್ಮ ಪಟ್ಟಿ ಹೀಗೆ ಬರೀತಿದ್ದೀನಿ, ತಿದ್ದೋದಿದ್ದರೆ ತಿದ್ದಿ. ಬ್ಯಾರಲ್ ಹತ್ತಿರ ನಾಲ್ಕೂ ಗಂಡಾಳು, ನಾಲ್ವರಿಗೂ ನೈಟ್ರೈಲ್. ಅಳೆಯೋ ಲೋಟ, ಕಲಸೋ ಕೋಲು ಸ್ಟೋರ್‌ನಲ್ಲೇ ಬೀಗದೊಳಗೆ. ಬಳಿದ ಬ್ಲಾಕಿಗೆ ಸುಣ್ಣದಲ್ಲಿ ಗುರುತು, ತಾರೀಖು ಬೋರ್ಡು. ಲೇಬಲ್ಲಲ್ಲಿ ಏನೇ ಇರಲಿ, ಚಿಗುರು ತೆಗೆಯೋಕೆ ಹೆಣ್ಣಾಳು ಅಲ್ಲಿಗೆ ಹೋಗೋದು ಒಂದು ವಾರ ಆದಮೇಲೆ, ಯಾಕಂದರೆ ಚಿಗುರು ಮುರಿಯೋಕೆ ಕಾಂಡವನ್ನ ಹಿಡಿಯಲೇಬೇಕು. ಎಲೆಅಡಿಕೆ ಚೀಲ, ಬುತ್ತಿ ಬ್ಲಾಕಿನ ಹೊರಗೆ. ಬ್ಯಾರಲ್ ಪಕ್ಕದ ಕೊಳಾಯಿ ಅಲ್ಲದೆ ಬೇರೆ ಕಡೆ ಕೈತೊಳೆಯೋಕೆ ನೀರು, ಸೋಪು.

ತಾಯಿಕಾರ್ಡ್

ಒಂದೇ ಒಂದು ಸೇರಿಸಿ. ಕೂಲಿ. ಔಷಧಿ ಕೆಲಸಕ್ಕೆ ದಿನಕ್ಕೆ ಹೆಚ್ಚಿಗೆ ದುಡ್ಡು ಇದ್ದರೆ, ಆ ಕೆಲಸದಿಂದ ತೆಗೆದ ಹೆಂಗಸಿಗೆ ಅಷ್ಟು ಖೋತಾ. ಬಸುರಾದ್ದನ್ನ ಮುಚ್ಚಿಡೋದಕ್ಕೆ ಅದೇ ಕಾರಣ ಆಗುತ್ತೆ. ತೊಗಟೆ ಉಜ್ಜೋ ಕೆಲಸಕ್ಕೂ ಅದೇ ಕೂಲಿ ಬರೀರಿ ಅಣ್ಣ.

ರೈಟರ್ ಬುಕ್ಕು

ಬರೀತೀನಿ ಮೇಡಂ. ಧಣಿಗಳ ಹತ್ತಿರ ಸೋಮವಾರ ಮಾತಾಡ್ತೀನಿ, ಬಳಿಯೋದು ಗುರುವಾರದಿಂದ.

ಆಶಾ ದಾರಿ

ತಡವಾಗಿ ನೆನಪಾಯ್ತು, ಹೆರಿಗೆ ಹತ್ತಿರ ಇರೋರ ಮನೆಗೆ. ಮಳೆಗಾಲಕ್ಕೆ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೇ ಸೀರೆ, ದುಪ್ಪಟಿಯಲ್ಲೇ ಹುಟ್ಟಿದ ಮಗುವನ್ನ ಸುತ್ತುತ್ತಾರೆ. ಅದು ನಾಫ್ತಲೀನ್. ಜಿ6ಪಿಡಿ (ರಕ್ತಕಣ ಕಾಯೋ ಕಿಣ್ವ) ಕೊರತೆ ಇರೋ ಮಗುವಿಗೆ ರಕ್ತಕಣ ಒಡೆದು ಕಾಮಾಲೆ ವಿಪರೀತ ಏರುತ್ತೆ. ಮಗುವಿನ ಬಟ್ಟೆಗೆ ಗುಳಿಗೆ ಹಾಕಲೇಬೇಡಿ. ಹಾಕಿದ್ದರೆ ಆ ಬಟ್ಟೆ ಬಿಟ್ಟು ಬೇರೆಯದನ್ನ ಒಗೆದು, ಬಿಸಿಲು ಸಿಕ್ಕಾಗಲೇ ಒಣಗಿಸಿ, ಒಂಬತ್ತನೇ ತಿಂಗಳಿಗೇ ತೆಗೆದಿಡಿ.